ಅಮ್ಮ ಮಗಳಾದಾಗ: ನಗೆಚಿತ್ರ ನೋಡಿ ಆಡುಮಾತಿನ ಇಂಗ್ಲಿಷ್ ಕಲಿಯೋಣ



ಶಾಲೆಯ ಪೋಷಕರ ಸಭೆಯಲ್ಲಿ ಟೀಚರ್ ಇಂಗ್ಲಿಷಿನಲ್ಲಿ ಏನೋ ಕೇಳುತ್ತಾರೆ. ನಮಗೆ ಅರ್ಧ ಅರ್ಥ ಆಗಿರುತ್ತದೆ, ಉತ್ತರ ಮಾತ್ರ ಬಾಯಿಗೆ ಬರುವುದಿಲ್ಲ. ಪಕ್ಕದಲ್ಲಿ ನಿಂತ ಮಗಳು "ಅಮ್ಮಾ, ನೀನು ಸುಮ್ನಿರು, ನಾನೇ ಹೇಳ್ತೀನಿ" ಅಂತಾಳೆ. ಆ ಮಾತು ಎಷ್ಟು ಚುಚ್ಚುತ್ತದೆ ಅಂತ ಕೇಳಿಸಿಕೊಂಡವರಿಗೇ ಗೊತ್ತು. ನಮ್ಮ ಸಂಘಗಳಲ್ಲಿ ಏಳನೇ ತರಗತಿ, ಹತ್ತನೇ ತರಗತಿ ಓದಿದವರು ಇದ್ದಾರೆ. ಅವರು ಓದಿದ್ದು ಪುಸ್ತಕದ ಇಂಗ್ಲಿಷ್. ಮನೆಯಲ್ಲಿ, ಅಂಗಡಿಯಲ್ಲಿ ಆಡುವ ಇಂಗ್ಲಿಷ್ ಕಿವಿಗೆ ಬಿದ್ದದ್ದು ಕಡಿಮೆ.

ಅದು ಕಿವಿಗೆ ಬೀಳಲು ಹದಿಹರೆಯದವರ ಹಾಸ್ಯ ಸಿನಿಮಾಗಳು ಒಳ್ಳೆಯ ಸಾಧನ. ಕೋರ್ಟಿನ ಸಿನಿಮಾದಲ್ಲಿ ದೊಡ್ಡ ದೊಡ್ಡ ಶಬ್ದಗಳು, ಹೊಡೆದಾಟದ ಸಿನಿಮಾದಲ್ಲಿ ಮಾತೇ ಇಲ್ಲ. ಇವುಗಳಲ್ಲಾದರೆ ಅಡುಗೆಮನೆ, ಕಾರು, ಕ್ಲಾಸ್‌ರೂಮು, ಸಣ್ಣ ಸಣ್ಣ ವಾಕ್ಯ. ಮುಖ ನೋಡಿದರೇ ಅರ್ಧ ಅರ್ಥ ಗೊತ್ತಾಗುತ್ತದೆ.

ತಾಯಂದಿರು ಮೊದಲು ನೋಡಬೇಕಾದದ್ದು 2003ರ ಅಮೆರಿಕದ ಚಿತ್ರ 'ಫ್ರೀಕಿ ಫ್ರೈಡೇ'. ಇದೇ ಹೆಸರಿನಲ್ಲಿ 1976ರದ್ದೂ ಒಂದಿದೆ, ಆದ್ದರಿಂದ ಇಸವಿ ನೋಡಿಕೊಳ್ಳಿ. ಟೆಸ್ ಎಂಬ ತಾಯಿ, ಆನಾ ಎಂಬ 15 ವರ್ಷದ ಮಗಳು. ಇಬ್ಬರಿಗೂ ದಿನಾ ಜಗಳ. ಒಂದು ಚೀನೀ ಹೋಟೆಲಿನಲ್ಲಿ ಭವಿಷ್ಯದ ಚೀಟಿ ಇರುವ ಬಿಸ್ಕತ್ತು ಮುರಿಯುತ್ತಾರೆ. ಮರುದಿನ ಬೆಳಿಗ್ಗೆ ಎದ್ದರೆ ತಾಯಿಯ ದೇಹದಲ್ಲಿ ಮಗಳು, ಮಗಳ ದೇಹದಲ್ಲಿ ತಾಯಿ! ತಾಯಿಯಾಗಿ ಜೇಮಿ ಲೀ ಕರ್ಟಿಸ್, ಮಗಳಾಗಿ ಲಿಂಡ್ಸೆ ಲೋಹನ್ ನಟಿಸಿದ್ದಾರೆ.

ಕಲಿಯುವವರಿಗೆ ಇದರಿಂದ ಲಾಭ ಏನೆಂದರೆ, ಒಂದೇ ಮುಖದಿಂದ ಎರಡು ಥರದ ಇಂಗ್ಲಿಷ್ ಕೇಳುತ್ತದೆ. ಮೊದಲು ದೊಡ್ಡವರ ಹಾಗೆ ಮಾತಾಡುತ್ತಿದ್ದ ತಾಯಿ ಆಮೇಲೆ ಹುಡುಗಿಯರ ಹಾಗೆ ಮಾತಾಡುತ್ತಾಳೆ. ಅವಳ ಮಗ ಹ್ಯಾರಿಯ ಟೀಚರನ್ನು ಕಾಣುವ ಸಭೆಗೂ ತಾಯಿಯ ವೇಷದ ಮಗಳೇ ಹೋಗಬೇಕಾಗುತ್ತದೆ. ಆ ದೃಶ್ಯವನ್ನು ಎರಡು ಸಲ ನೋಡಿ.

ನಮಗೆ ಈ ವ್ಯತ್ಯಾಸ ಯಾಕೆ ಮುಖ್ಯ? ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದಲ್ಲೇ ಇದೆ: ಕೊಡು, ಕೊಡಿ. ಇಂಗ್ಲಿಷಿನಲ್ಲಿ 'ನೀನು' ಎಂದರೂ 'ನೀವು' ಎಂದರೂ ಒಂದೇ 'ಯೂ'. ಹಾಗಾಗಿ "ಫಾರ್ಮ್ ಕೊಡಿ" ಅಂತ ಮನಸ್ಸಿನಲ್ಲಿಟ್ಟು "ಗಿವ್ ದ ಫಾರ್ಮ್" ಎಂದರೆ ಕೇಳಿದವರಿಗೆ "ಫಾರ್ಮ್ ಕೊಡು" ಅಂದಂತೆ ಆಗುತ್ತದೆ. ನಾವು ಒರಟರಲ್ಲ, ನಮ್ಮ 'ಇ'ಕಾರಕ್ಕೆ ಅಲ್ಲಿ ಜಾಗ ಇಲ್ಲ, ಅಷ್ಟೇ. ಅದರ ಬದಲು ವಾಕ್ಯದ ಮುಂದೆ ಬರುವುದು 'ಕ್ಯಾನ್ ಯೂ', ಇನ್ನೂ ಮರ್ಯಾದೆಗೆ 'ಕುಡ್ ಯೂ ಪ್ಲೀಸ್'. "ಕುಡ್ ಯೂ ಪ್ಲೀಸ್ ಗಿವ್ ಮಿ ದ ಫಾರ್ಮ್?" ಎಂದರೆ ಬ್ಯಾಂಕಿನಲ್ಲೂ ಸರಿ, ಶಾಲೆಯಲ್ಲೂ ಸರಿ. ಸಿನಿಮಾದಲ್ಲಿ ತಾಯಿ ಮಗಳನ್ನು ಶಾಲೆಗೆ ಬಿಟ್ಟು, ಕಾರಿನಿಂದಲೇ "ಮೇಕ್ ಗುಡ್ ಚಾಯ್ಸಸ್" ಅಂತ ಕೂಗುತ್ತಾಳೆ. ಒಳ್ಳೆಯದನ್ನೇ ಆರಿಸಿಕೋ ಅಂತ ಅರ್ಥ. ಅಲ್ಲಿ ಪ್ಲೀಸ್ ಇಲ್ಲ, ಮಗಳಲ್ಲವೇ!

ಇನ್ನು ಉಚ್ಚಾರ. ಅಮೆರಿಕದವರು 'ವಾಟರ್' ಅನ್ನುವುದು ನಮಗೆ 'ವಾಡರ್' ಅಂತ ಕೇಳುತ್ತದೆ. 'ಗೋಯಿಂಗ್ ಟು' ಎಂಬುದು 'ಗಾನಾ' ಆಗುತ್ತದೆ, 'ವಾಂಟ್ ಟು' ಎಂಬುದು 'ವಾನಾ'. ಆದರೆ ಎಲ್ಲ ಕಡೆ ಅಲ್ಲ. "ಐ ಆಮ್ ಗಾನಾ ಪೇ", ಅಂದರೆ ನಾನು ಕಟ್ಟುತ್ತೇನೆ, ಎನ್ನಬಹುದು. "ಐ ಆಮ್ ಗೋಯಿಂಗ್ ಟು ದ ಬ್ಯಾಂಕ್" ಎನ್ನುವಲ್ಲಿ 'ಗಾನಾ' ಬರುವುದಿಲ್ಲ, ಅದು ಬರಬೇಕಾದರೆ ಮುಂದೆ ಒಂದು ಕೆಲಸದ ಶಬ್ದ ಇರಬೇಕು. ನಾವು ಹಾಗೇ ಮಾತಾಡಬೇಕೆಂದೇನಿಲ್ಲ, ಕೇಳಿದಾಗ ಗುರುತು ಹತ್ತಿದರೆ ಸಾಕು. ನಾವು ಬಿಡಬೇಕಾದದ್ದು ಬಸ್ಸು, ಬುಕ್ಕು ಅನ್ನುವಾಗ ಕೊನೆಗೆ ಸೇರಿಸುವ 'ಉ'.

ಇಡೀ ಸಿನಿಮಾ ಒಂದೇ ಸಲ ನೋಡಿದರೆ ನಗು ಬರುತ್ತದೆ, ಇಂಗ್ಲಿಷ್ ಬರಲ್ಲ. ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಎರಡೇ ನಿಮಿಷದ ಒಂದು ದೃಶ್ಯ ತೆಗೆದುಕೊಳ್ಳಿ. ಮೊದಲ ಸಲ ಸುಮ್ಮನೆ ನೋಡಿ, ಏನಾಯಿತು ಅಂತ ಕನ್ನಡದಲ್ಲೇ ಮಾತಾಡಿಕೊಳ್ಳಿ. ಎರಡನೇ ಸಲ ಕೆಳಗೆ ಇಂಗ್ಲಿಷ್ ಅಕ್ಷರ ಬರುವಂತೆ ಮಾಡಿ. ಕನ್ನಡ ಅಕ್ಷರ ಹಾಕಿದರೆ ಕಣ್ಣು ಅಲ್ಲೇ ಕೂರುತ್ತದೆ, ಕಿವಿ ಕೆಲಸ ಮಾಡುವುದಿಲ್ಲ. ಮೂರನೇ ಸಲ ಒಂದೊಂದು ವಾಕ್ಯಕ್ಕೂ ನಿಲ್ಲಿಸಿ ಗಟ್ಟಿಯಾಗಿ ಹೇಳಿ. ಆಮೇಲೆ ಇಬ್ಬರು ತಾಯಿ-ಮಗಳಾಗಿ ಆಡಿ ತೋರಿಸಲಿ, ಮುಂದಿನ ಸುತ್ತಿಗೆ ಪಾತ್ರ ಅದಲು ಬದಲು. ಮಕ್ಕಳನ್ನೂ ಸೇರಿಸಿಕೊಳ್ಳಿ. ತಾಯಿಯ ಪಾತ್ರ ಮಾಡುವಾಗ ಅವರಿಗೂ ಕಷ್ಟ ಗೊತ್ತಾಗುತ್ತದೆ!

ಇದೇ ನಿರ್ದೇಶಕ ಮಾರ್ಕ್ ವಾಟರ್ಸ್ ಅವರ 'ಮೀನ್ ಗರ್ಲ್ಸ್' (2004) ಮತ್ತು ಏಮಿ ಹೆಕರ್ಲಿಂಗ್ ನಿರ್ದೇಶನದ 'ಕ್ಲೂಲೆಸ್' (1995) ಕೂಡ ಹೆಸರಾದವು. ಅವುಗಳಲ್ಲಿ ಮಾತು ಬಲು ಚುರುಕು, ಸಣ್ಣ ಮಕ್ಕಳ ಮುಂದೆ ಹಾಕಬಾರದ ಮಾತುಗಳೂ ಇವೆ. ಪ್ರೇರಕಿಯರು ಮೊದಲೇ ನೋಡಿ ದೃಶ್ಯ ಆರಿಸಬೇಕು. ಅಲ್ಲಿನ ಹುಡುಗಿಯರ ಬಾಯಲ್ಲಿ 'ವಾಟೆವರ್' ಎಂದರೆ "ಏನಾದ್ರೂ ಮಾಡ್ಕೋ, ನನಗೇನು" ಎಂಬ ತಾತ್ಸಾರ. ಬ್ಯಾಂಕ್ ಮ್ಯಾನೇಜರ್ ಎದುರು ಅದು ಬಾಯಿಗೆ ಬಂದರೆ ಸಾಲದ ಅರ್ಜಿಯ ಗತಿ ಏನು?

ಮಾತು ತುಂಬ ಬೇಗ ಅನಿಸಿದರೆ, ಎಷ್ಟೋ ಮೊಬೈಲುಗಳಲ್ಲಿ ವೇಗ ತಗ್ಗಿಸುವ ಸೌಲಭ್ಯ ಇದೆ, 0.75ಕ್ಕೆ ಇಟ್ಟು ನೋಡಿ. ಎದುರಿಗಿರುವ ಮನುಷ್ಯರಿಗೆ ಹೇಳಬೇಕಾದ್ದು: "ಕುಡ್ ಯೂ ಪ್ಲೀಸ್ ಸ್ಪೀಕ್ ಸ್ಲೋಲಿ?" ಈ ವಾರ ಇದೊಂದನ್ನು ಬಾಯಿಪಾಠ ಮಾಡಿಕೊಳ್ಳಿ.