ಬೆಳ್ಳುಳ್ಳಿ ವಾಸನೆಯ ದ್ರಾವಕ

ಕಾಗದದ ಕಾರ್ಖಾನೆ ಹತ್ತಿರ ಬಂತೆಂಬುದನ್ನು ಬಸ್ಸಿನಲ್ಲಿ ಕಣ್ಣುಮುಚ್ಚಿ ಕುಳಿತವರಿಗೂ ಮೂಗು ತಿಳಿಸುತ್ತದೆ. ಕೊಳೆತ ಎಲೆಕೋಸಿನಂಥ ಆ ನಾತದ ಮೂಲ ಮರದೊಳಗಿನ ಲಿಗ್ನಿನ್. ನಾರುಗಳನ್ನು ಬೆಸೆದು ಮರವನ್ನು ನೆಟ್ಟಗೆ ನಿಲ್ಲಿಸುವ ಈ ಅಂಟು ಒಣಮರದ ತೂಕದಲ್ಲಿ ಸುಮಾರು ಕಾಲುಭಾಗ. ಕಾಗದಕ್ಕೆ ಬೇಕಾದದ್ದು ನಾರು ಮಾತ್ರ. ಹಾಗಾಗಿ ಕ್ರಾಫ್ಟ್ ವಿಧಾನದಲ್ಲಿ ಮರದ ಚಕ್ಕೆಗಳನ್ನು ಕಾಸ್ಟಿಕ್ ಸೋಡಾ, ಸೋಡಿಯಂ ಸಲ್ಫೈಡ್ ಜೊತೆ 170 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬೇಯಿಸಿ ಲಿಗ್ನಿನ್ ಕರಗಿಸುತ್ತಾರೆ. ಉಳಿದ ಕಪ್ಪು ದ್ರವವನ್ನು ಬಾಯ್ಲರಿನಲ್ಲಿ ಉರಿಸಿ ಹಬೆ, ವಿದ್ಯುತ್ ಪಡೆಯುವುದು ವಾಡಿಕೆ.

ಲಿಗ್ನಿನ್ ಅಣುವಿನ ಉಂಗುರಗಳಿಗೆ ಮೀಥಾಕ್ಸಿ ಗುಂಪುಗಳು ಜೋತುಬಿದ್ದಿರುತ್ತವೆ. ಬೇಯಿಸುವ ಕಾವಿನಲ್ಲಿ ಗಂಧಕವು ಅವುಗಳ ಮೀಥೈಲನ್ನು ಕಿತ್ತುಕೊಳ್ಳುತ್ತದೆ. ಒಂದು ಮೀಥೈಲ್ ಸಿಕ್ಕರೆ ಮೀಥೈಲ್ ಮರ್ಕ್ಯಾಪ್ಟನ್, ಎರಡು ಸಿಕ್ಕರೆ ಡೈಮೀಥೈಲ್ ಸಲ್ಫೈಡ್. ಎರಡೂ ಗಬ್ಬುನಾತದವೇ. ಆದರೆ ಎರಡನೆಯದಕ್ಕೆ ಒಂದು ಆಮ್ಲಜನಕ ಪರಮಾಣು ಸೇರಿಸಿದರೆ ವಾಸನೆ ಹೆಚ್ಚುಕಡಿಮೆ ಮಾಯ! ಅದೇ ಡೈಮೀಥೈಲ್ ಸಲ್ಫಾಕ್ಸೈಡ್, ಪ್ರಯೋಗಾಲಯದವರ ಬಾಯಲ್ಲಿ ಡಿಎಂಎಸ್‌ಒ. 1860ರ ದಶಕದಲ್ಲೇ ರಷ್ಯಾದ ಅಲೆಕ್ಸಾಂಡರ್ ಜೈಟ್ಸೆವ್ ಇದನ್ನು ತಯಾರಿಸಿದ್ದರೂ ಬಹುಕಾಲ ಕೇಳುವವರಿರಲಿಲ್ಲ. ಕಪ್ಪು ದ್ರವದಲ್ಲಿ ಕಾಸು ಕಂಡದ್ದು ಅಮೆರಿಕದ ಕಾಗದ ಕಂಪನಿ ಕ್ರೌನ್ ಜೆಲ್ಲರ್‌ಬಾಕ್.

ದ್ರಾವಕವಾಗಿ ಇದು ಬಲು ಉದಾರಿ. ನೀರಿಗೆ ಒಗ್ಗುವ ಲವಣಗಳನ್ನೂ ಒಗ್ಗದ ಔಷಧಿಗಳನ್ನೂ ಕರಗಿಸಿಕೊಳ್ಳುತ್ತದೆ. ಚಿಪ್ ತಯಾರಿಕೆಯಲ್ಲಿ ಸಿಲಿಕಾನ್ ಬಿಲ್ಲೆಯ ಮೇಲಿನ ಲೇಪವನ್ನು ತೊಳೆದು ತೆಗೆಯಲೂ ಬೇಕು. ಹೆಪ್ಪುಗಟ್ಟುವುದು 18.5 ಡಿಗ್ರಿಗೆ. ಅಂದರೆ ಜನವರಿಯ ಬೆಂಗಳೂರಿನಲ್ಲಿ ರಾತ್ರಿ ಕಿಟಕಿಯ ಬಳಿ ಬಿಟ್ಟ ಬಾಟಲಿ ಬೆಳಿಗ್ಗೆಗೆ ಗಟ್ಟಿಯಾಗಿದ್ದರೆ ಆಶ್ಚರ್ಯವಿಲ್ಲ. ಸೋಜಿಗವೆಂದರೆ ಮೂರನೇ ಒಂದು ಭಾಗ ನೀರು ಬೆರೆಸಿದರೆ ಅದೇ ದ್ರವ ಮೈನಸ್ 60 ಡಿಗ್ರಿಯಲ್ಲೂ ಹೆಪ್ಪುಗಟ್ಟುವುದಿಲ್ಲ.

ಈ ಗುಣವನ್ನು ಜೀವಕೋಶಗಳಿಗೆ ಒದಗಿಸಿಕೊಟ್ಟವರು ಲಂಡನ್ನಿನ ಜೇಮ್ಸ್ ಲವ್‌ಲಾಕ್ ಮತ್ತು ಎಂ. ಡಬ್ಲ್ಯು. ಎಚ್. ಬಿಷಪ್, 1959ರಲ್ಲಿ. (ಭೂಮಿಯನ್ನೇ ಒಂದು ಜೀವವ್ಯವಸ್ಥೆಯೆಂದು ಕಂಡ ‘ಗಾಯಾ’ ವಾದದ ಲವ್‌ಲಾಕ್ ಇವರೇ.) ಕೋಶವನ್ನು ಹಾಗೆಯೇ ತಣ್ಣಗಾಗಿಸಿದರೆ ಮಂಜಿನ ಹರಳುಗಳು ಅದನ್ನು ಸೀಳುತ್ತವೆ, ಉಳಿದ ನೀರಿನಲ್ಲಿ ಉಪ್ಪು ಸಾಂದ್ರವಾಗಿ ಪೊರೆ ಹಾಳಾಗುತ್ತದೆ. ಡಿಎಂಎಸ್‌ಒ ಪೊರೆಯೊಳಗೆ ನುಸುಳಿ ಇವೆರಡನ್ನೂ ತಡೆಯುತ್ತದೆ. ಅಸ್ಥಿಮಜ್ಜೆಯ ಆಕರ ಕೋಶಗಳನ್ನು ದ್ರವ ಸಾರಜನಕದಲ್ಲಿ ಕಾಪಿಡುವಾಗ ಇಂದಿಗೂ ಸಾಮಾನ್ಯವಾಗಿ ಶೇ. 10ರಷ್ಟು ಇದನ್ನೇ ಬೆರೆಸುತ್ತಾರೆ.

ಚರ್ಮದೊಳಕ್ಕೂ ಇದು ಸಲೀಸಾಗಿ ನುಗ್ಗುತ್ತದೆ. ಅದನ್ನು ಕಂಡ ಆರೆಗಾನ್‌ನ ಶಸ್ತ್ರವೈದ್ಯ ಸ್ಟ್ಯಾನ್ಲಿ ಜೇಕಬ್ 1960ರ ದಶಕದಲ್ಲಿ ನೋವು ನಿವಾರಕವೆಂದು ಪ್ರಚಾರ ಮಾಡಿದರು. ಅಮೆರಿಕದಲ್ಲಿ ದೊಡ್ಡ ಅಲೆಯೇ ಎದ್ದಿತು. ಪ್ರಯೋಗದ ಪ್ರಾಣಿಗಳ ಕಣ್ಣಿನ ಮಸೂರ ಬದಲಾದದ್ದು ಕಂಡು 1965ರಲ್ಲಿ ಸರ್ಕಾರ ಮಾನವ ಪರೀಕ್ಷೆಗಳಿಗೆ ತಡೆಯೊಡ್ಡಿತು. 1978ರಲ್ಲಿ ಮೂತ್ರಕೋಶದ ಒಂದು ಬಗೆಯ ಉರಿಯೂತಕ್ಕೆ ಮಾತ್ರ ಒಪ್ಪಿಗೆ ಸಿಕ್ಕಿತು. ಇಂಟರ್ನೆಟ್ಟಿನಲ್ಲಿ ಕೊಂಡ ಕೈಗಾರಿಕಾ ದರ್ಜೆಯ ಸೀಸೆಯನ್ನು ಮಂಡಿಗೆ ಸವರಿಕೊಳ್ಳುವುದು ಜಾಣತನವಲ್ಲ: ಈ ದ್ರಾವಕ ಒಳಹೋಗುವಾಗ ತನ್ನಲ್ಲಿರುವ ಕಲ್ಮಶವನ್ನೂ ಜೊತೆಗೆ ಒಯ್ಯಬಲ್ಲದು.

ದೇಹ ಇದರ ಒಂದು ಸಣ್ಣ ಪಾಲಿನಿಂದ ಆ ಒಂದು ಆಮ್ಲಜನಕವನ್ನು ಮತ್ತೆ ಕಿತ್ತುಹಾಕುತ್ತದೆ. ಆಗ ಹುಟ್ಟುವ ಡೈಮೀಥೈಲ್ ಸಲ್ಫೈಡ್ ಉಸಿರಿನಲ್ಲಿ ಹೊರಬರುತ್ತದೆ. ಆಕರ ಕೋಶಗಳ ಕಸಿಯಾದ ರೋಗಿಯ ಕೋಣೆಯಲ್ಲಿ ಒಂದೆರಡು ದಿನ ಬೆಳ್ಳುಳ್ಳಿಯಂಥ ವಾಸನೆ ಸುಳಿದಾಡುವುದು ಇದರಿಂದಲೇ. ಚರಂಡಿಯ ಬ್ಯಾಕ್ಟೀರಿಯಾಗಳಿಗೂ ಈ ವಿದ್ಯೆ ಗೊತ್ತು. ಫಿಲಡೆಲ್ಫಿಯಾದ ಕೊಳಚೆ ಶುದ್ಧೀಕರಣ ಘಟಕವೊಂದರಿಂದ ಡಬ್ಬಿಯ ಮೆಕ್ಕೆಜೋಳದಂಥ ವಾಸನೆ ಹಬ್ಬುತ್ತಿತ್ತು. ಕೈಗಾರಿಕೆಯೊಂದು ಚರಂಡಿಗೆ ಬಿಟ್ಟ, ಹೆಚ್ಚುಕಡಿಮೆ ವಾಸನೆಯೇ ಇಲ್ಲದ ಡಿಎಂಎಸ್‌ಒ ಅದಕ್ಕೆ ಕಾರಣವೆಂದು 2006ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ದೇಹ ಸೇರಿದ ಉಳಿದದ್ದರಲ್ಲಿ ಒಂದಷ್ಟು ಹಾಗೆಯೇ ಮೂತ್ರದಲ್ಲಿ ಹೋಗುತ್ತದೆ. ಇನ್ನೊಂದಷ್ಟು ಎರಡನೆಯ ಆಮ್ಲಜನಕವನ್ನು ಕೂಡಿಸಿಕೊಂಡು ಡೈಮೀಥೈಲ್ ಸಲ್ಫೋನ್ ಆಗಿ ಹೊರಬೀಳುತ್ತದೆ. ಅದೇ ಸಲ್ಫೋನ್ ಬಿಳಿಯ ಪುಡಿಯಾಗಿ, ಎಂಎಸ್‌ಎಂ ಎಂಬ ಹೆಸರಲ್ಲಿ, ಔಷಧದಂಗಡಿಯ ಕೀಲುನೋವಿನ ಮಾತ್ರೆಗಳಲ್ಲಿ ಗ್ಲುಕೋಸಮೀನ್ ಜೊತೆ ಮಾರಾಟವಾಗುತ್ತದೆ.