ಪ್ರೋಟೀನ್ ಡಬ್ಬಿಗೆ ಮೊದಲು ಈ ಲೆಕ್ಕ ಮಾಡಿ

ಮಗನೋ ಮಗಳೋ ಜರ್ಮನಿಯಲ್ಲಿ ಓದುತ್ತಿದ್ದಾರೆಯೇ? “ಅಮ್ಮಾ, ಪ್ರೋಟೀನ್ ಪೌಡರ್ ತಗೋಬೇಕು, ದುಡ್ಡು ಸಾಲ್ತಿಲ್ಲ” ಎಂದು ಫೋನ್ ಬಂದಿದೆಯೇ? ಹಾಗಾದರೆ ಇದನ್ನು ಓದಿ, ಅವರಿಗೂ ಕಳಿಸಿ.

ವಿದ್ಯಾರ್ಥಿ ವೀಸಾಕ್ಕಾಗಿ ಇಟ್ಟ ಬ್ಲಾಕ್ಡ್ ಅಕೌಂಟ್‌ನಿಂದ ತಿಂಗಳಿಗೆ ಸಿಗುವುದು 992 ಯೂರೋ (2024ರ ಸೆಪ್ಟೆಂಬರ್‌ನಿಂದ ಇರುವ ನಿಗದಿ). ಬಾಡಿಗೆ, ವಿಮೆ, ಊಟ ಎಲ್ಲವೂ ಅದರಲ್ಲೇ ಆಗಬೇಕು. ಡಬ್ಬಿ ಕೊಳ್ಳಲು ಊಟ ಬಿಟ್ಟರೆ ಲಾಭವೇನು ಬಂತು?

*ಎಷ್ಟು ಬೇಕು?*
ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ ಎನ್ನುತ್ತದೆ ಐಸಿಎಂಆರ್. 60 ಕಿಲೋ ಇರುವವರಿಗೆ ಸುಮಾರು 50 ಗ್ರಾಂ. ಜಿಮ್‌ನಲ್ಲಿ ಭಾರ ಎತ್ತುವವರಿಗೆ ಇನ್ನಷ್ಟು ಬೇಕು.

*ಅಂಗಡಿಯಲ್ಲೇ ಇದೆ*
ಅಲ್ಲಿನ ಸೂಪರ್ ಮಾರ್ಕೆಟ್‌ಗಳಲ್ಲಿ ‘ಮಾಗರ್‌ಕ್ವಾರ್ಕ್’ ಸಿಗುತ್ತದೆ. ಕೊಬ್ಬು ತೆಗೆದ ಗಟ್ಟಿ ಮೊಸರಿನಂತಿರುತ್ತದೆ.
✅ 250 ಗ್ರಾಂ ಕ್ವಾರ್ಕ್ – ಸುಮಾರು 30 ಗ್ರಾಂ ಪ್ರೋಟೀನ್
✅ 2 ಮೊಟ್ಟೆ – 12 ಗ್ರಾಂ
✅ 50 ಗ್ರಾಂ ಮಸೂರ್ ಬೇಳೆ – 12 ಗ್ರಾಂ
ಅನ್ನ, ಬ್ರೆಡ್ ಸೇರಿಸದೆಯೇ 54 ಆಯಿತು! ಮೊಟ್ಟೆ ತಿನ್ನದವರಿಗೆ 25 ಗ್ರಾಂ ಸೋಯಾ ಚಂಕ್ಸ್ ಸಾಕು.

*ಆದರೂ ಪೌಡರ್ ಬೇಕೇ?*
ಡಬ್ಬಿಯ ತೂಕವೆಲ್ಲ ಪ್ರೋಟೀನ್ ಅಲ್ಲ. 30 ಗ್ರಾಂ ಸ್ಕೂಪಿನಲ್ಲಿ ಸಾಮಾನ್ಯವಾಗಿ 20ರಿಂದ 25 ಗ್ರಾಂ ಇರುತ್ತದೆ. ಬೆಲೆಯನ್ನು ಒಟ್ಟು ಪ್ರೋಟೀನ್ ಗ್ರಾಂನಿಂದ ಭಾಗಿಸಿ. ಕ್ವಾರ್ಕ್‌, ಬೇಳೆಗೂ ಹಾಗೇ ಮಾಡಿ. ಯಾವುದು ಅಗ್ಗವೋ ಅದನ್ನೇ ಕೊಳ್ಳಿ. ಊಟದಲ್ಲಿ ಕಡಿಮೆ ಬೀಳುವಷ್ಟಕ್ಕೆ ಮಾತ್ರ ಪೌಡರ್ ಇರಲಿ.

⚠️ ಕಿಡ್ನಿ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬೇಡಿ.

ಮುಂದಿನ ಸಲ ಫೋನ್ ಬಂದಾಗ “ಪೌಡರ್ ತಗೊಂಡ್ಯಾ?” ಅನ್ನುವ ಮೊದಲು “ಊಟ ಆಯ್ತಾ, ಏನು ತಿಂದೆ?” ಎಂದು ಕೇಳಿ. 🙏