ಕುಟುಂಬದ ಬಗೆಗೂ ಒಂದು ತಾರೀಖು ಬೇಕು

ರಾಯಚೂರಿನ ನರ್ಸಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಸಮುದಾಯ ಆರೋಗ್ಯ ಶುಶ್ರೂಷೆ ಕಲಿಯಲು ನಗರದ ಬಡಾವಣೆಗೋ ಸುತ್ತಲಿನ ಹಳ್ಳಿಗೋ ಹೋದಾಗ ಕುಟುಂಬ ಅಧ್ಯಯನದ ನಮೂನೆಯೊಂದನ್ನು ತುಂಬಬೇಕಾಗುತ್ತದೆ. ಯಜಮಾನನ ಹೆಸರು, ಆದಾಯ, ಕುಡಿಯುವ ನೀರು, ಶೌಚಾಲಯ ಇವುಗಳ ನಡುವೆ ‘ಕುಟುಂಬದ ಬಗೆ’ ಎಂಬ ಕಾಲಂ ಇರುತ್ತದೆ. ವಿಭಕ್ತ, ಅವಿಭಕ್ತ, ವಿಸ್ತೃತ. ಮೂರರಲ್ಲಿ ಒಂದಕ್ಕೆ ಗುರುತು ಹಾಕಬೇಕು. ಕುಟುಂಬ ಬದುಕಿನ ಯಾವ ಘಟ್ಟದಲ್ಲಿದೆ, ನವದಂಪತಿಗಳ ಮನೆಯೇ, ಕೂಸಿರುವ ಮನೆಯೇ, ಮುದುಕರ ಮನೆಯೇ ಎಂಬುದನ್ನೂ ಬರೆಯಬೇಕು. ಮನೆಯಲ್ಲಿ ಯಾರಿದ್ದಾರೆಂದು ತಿಳಿಯದೆ ಆರೈಕೆ ಮಾಡುವಂತಿಲ್ಲ. ಹಾಗಾಗಿ ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಅದಕ್ಕೆ ಒದಗಿಸಿರುವ ಉತ್ತರಗಳು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಉದ್ದೇಶಕ್ಕೆ ಹುಟ್ಟಿದವು. ಆಸ್ತಿಯ ನ್ಯಾಯ, ಜನಸಂಖ್ಯೆಯ ಲೆಕ್ಕ, ಅಮೆರಿಕದ ಸಮಾಜಶಾಸ್ತ್ರ ಈ ಮೂರೂ ಬಂದು ಒಂದೇ ಕಾಲಮ್ಮಿನಲ್ಲಿ ಕೂತಿವೆ. ಮೂರೂ ಕುಟುಂಬವನ್ನು ಒಂದೆಡೆ ನಿಂತ ವಸ್ತುವೆಂದೇ ಎಣಿಸುತ್ತವೆ. ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿ ತಾಲ್ಲೂಕುಗಳ ಮನೆಗಳು ಹಾಗೆ ನಿಂತಿಲ್ಲ.

ಹಳೆಯ ಮೂಲ ಆಸ್ತಿಯದು. ಅದರ ಬೇರು ಈ ಸೀಮೆಯಲ್ಲೇ ಇದೆ. ಕಲ್ಯಾಣದ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರ ವ್ಯಾಖ್ಯಾನ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಪಾಲಿದೆ ಎಂದಿತು. ಬ್ರಿಟಿಷ್ ಕಾಲದ ನ್ಯಾಯಾಲಯಗಳು ಅದನ್ನೇ ಹಿಡಿದು ‘ಹಿಂದೂ ಅವಿಭಕ್ತ ಕುಟುಂಬ’ವನ್ನು ಕಾನೂನಿನ ಘಟಕವಾಗಿ ಗಟ್ಟಿಗೊಳಿಸಿದವು, ಆದಾಯ ತೆರಿಗೆಯ ಕಡತದಲ್ಲಿ ಅದು ಇಂದಿಗೂ ಬದುಕಿದೆ. ಹೆಣ್ಣುಮಕ್ಕಳಿಗೆ ಆ ಆಸ್ತಿಯಲ್ಲಿ ಸಮಪಾಲು ಸಿಕ್ಕಿದ್ದು ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ. ಈ ಪರಂಪರೆ ಕುಟುಂಬಕ್ಕೆ ಕೇಳುವುದು ಒಂದೇ ಪ್ರಶ್ನೆ: ಪಾಲಾಗಿದೆಯೋ ಇಲ್ಲವೋ? ಆಸ್ತಿ ಪಾಲಾಗದೆಯೂ ಒಲೆ ಎರಡಾಗಬಹುದು. ಒಲೆ ಎರಡಾದರೂ ಬಾಣಂತಿಯ ಮೈ ತೊಳೆಯಲು ಓರಗಿತ್ತಿಯೇ ಬರಬಹುದು. ಪಹಣಿಯಲ್ಲಿ ಒಂದಾಗಿರುವ ಅಣ್ಣತಮ್ಮಂದಿರು ಹಾಸಿಗೆ ಹಿಡಿದ ತಾಯಿಗೆ ಗಂಜಿ ಕಾಯಿಸುವ ಸರದಿಗೆ ಜಗಳಾಡಲೂಬಹುದು. ಹೊಲ, ಒಲೆ, ಆರೈಕೆ ಮೂರೂ ಒಂದೇ ದಿನ ಒಡೆಯುವುದಿಲ್ಲ. ಜನಗಣತಿಯ ಅಧಿಕಾರಿಗಳಿಗೆ ಇದು ತಿಳಿದಿದ್ದರಿಂದಲೇ ಅವರು ಒಂದೇ ಅಡುಗೆಮನೆಯಲ್ಲಿ ಉಣ್ಣುವವರನ್ನು ಒಂದು ಮನೆತನವೆಂದು ಎಣಿಸಿದರು.

ಎರಡನೆಯ ಮೂಲ ಜನಸಂಖ್ಯೆ. 1930ರಲ್ಲಿ ಮೈಸೂರು ಸಂಸ್ಥಾನ ತನ್ನ ದೊಡ್ಡ ಆಸ್ಪತ್ರೆಗಳಲ್ಲಿ ಗರ್ಭನಿರೋಧ ಚಿಕಿತ್ಸಾಲಯಗಳನ್ನು ತೆರೆಯಲು ಒಪ್ಪಿತು. ಸರ್ಕಾರವೊಂದು ಈ ಕೆಲಸಕ್ಕೆ ಕೈಹಾಕಿದ ಮೊದಲ ನಿದರ್ಶನವೆಂದು ಅದನ್ನು ಹೇಳುತ್ತಾರೆ. ರಾಯಚೂರು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಅಷ್ಟರಲ್ಲಿ, 1952ರಲ್ಲೇ, ದೇಶದ ಕುಟುಂಬ ಯೋಜನೆ ಆರಂಭವಾಗಿತ್ತು. ಮುಂದಿನ ದಶಕಗಳಲ್ಲಿ ಆರೋಗ್ಯ ಸಹಾಯಕಿಯ ಕೈಯಲ್ಲಿದ್ದ ಮುಖ್ಯ ದಾಖಲೆ ‘ಅರ್ಹ ದಂಪತಿಗಳ ರಿಜಿಸ್ಟರ್’. ಹೆರುವ ವಯಸ್ಸಿನ ಹೆಂಡತಿ, ಆಕೆಯ ಗಂಡ, ಬದುಕಿರುವ ಮಕ್ಕಳ ಸಂಖ್ಯೆ: ಇವಿಷ್ಟೇ ಕುಟುಂಬ. ಅತ್ತೆ, ವಿಧವೆ ನಾದಿನಿ, ಅಜ್ಜ ಇವರಿಗೆ ಆ ಪುಟದಲ್ಲಿ ಜಾಗವಿರಲಿಲ್ಲ. 1973ರ ಕರ್ತಾರ್ ಸಿಂಗ್ ಸಮಿತಿ ಬೇರೆ ಬೇರೆ ರೋಗಗಳ ಕೆಲಸಗಾರರನ್ನು ಒಗ್ಗೂಡಿಸಿ ವಿವಿಧೋದ್ದೇಶ ಆರೋಗ್ಯ ಕಾರ್ಯಕರ್ತರನ್ನಾಗಿ ಮಾಡಲು ಹೇಳಿತು. ಕಾಲಕ್ರಮೇಣ ಬಯಲು ಸೀಮೆಯಲ್ಲಿ 5,000 ಜನರಿಗೊಂದು ಉಪಕೇಂದ್ರ ಎಂಬ ಅಳತೆ ನಿಂತಿತು. ಕೆಲಸ ಹಿಗ್ಗಿತು, ನೋಟ ಹಿಗ್ಗಲಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆಯ ಗುರಿಸಂಖ್ಯೆಗಳನ್ನು ದೇಶದಾದ್ಯಂತ ಕೈಬಿಟ್ಟದ್ದು 1996ರಲ್ಲಿ. ಗುರಿ ಹೋದರೂ ದಂಪತಿಯೇ ಕುಟುಂಬವೆಂಬ ರೂಢಿ ಸುಲಭವಾಗಿ ಹೋಗಲಿಲ್ಲ.

ಮೂರನೆಯದು ಪಠ್ಯಪುಸ್ತಕದ ದಾರಿ. ಅಮೆರಿಕದ ಮಾನವಶಾಸ್ತ್ರಜ್ಞ ಜಾರ್ಜ್ ಪೀಟರ್ ಮುರ್ಡಾಕ್ 1949ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಗಂಡ, ಹೆಂಡತಿ, ಮಕ್ಕಳ ಘಟಕವೇ ಎಲ್ಲ ಸಮಾಜಗಳ ತಿರುಳೆಂದು ವಾದಿಸಿದ. ಅದೇ ಕಾಲದಲ್ಲಿ ಎವಲಿನ್ ಡುವಾಲ್ ಮತ್ತು ರೂಬೆನ್ ಹಿಲ್ ಕುಟುಂಬದ ಜೀವನಚಕ್ರವನ್ನು ರೂಪಿಸಿದರು. ಡುವಾಲ್ 1957ರ ಪುಸ್ತಕದಲ್ಲಿ ಅದನ್ನು ಎಂಟು ಘಟ್ಟಗಳಾಗಿ ಬೆಳೆಸಿದಳು: ಮದುವೆಯಿಂದ ಶುರು, ಆಮೇಲೆ ಕೂಸು, ಶಾಲೆಗೆ ಮುಂಚಿನ ಮಗು, ಶಾಲೆಯ ಮಗು, ಹದಿಹರೆಯ, ಮಕ್ಕಳು ಮನೆ ಬಿಡುವ ಕಾಲ, ನಡುವಯಸ್ಸು, ಮುಪ್ಪು. ಘಟ್ಟವನ್ನು ನಿರ್ಧರಿಸುವುದು ಬಹುಮಟ್ಟಿಗೆ ಹಿರಿಯ ಮಗುವಿನ ವಯಸ್ಸು. ಮಕ್ಕಳು ಬೆಳೆದು ಮನೆ ಬಿಟ್ಟುಹೋಗುವ, ತಂದೆತಾಯಿ ಇಬ್ಬರೇ ಉಳಿಯುವ ಸಮಾಜಕ್ಕೆ ಈ ಲೆಕ್ಕ ಒಪ್ಪುತ್ತದೆ. ಮಗ ಮದುವೆಯಾಗಿ ಅದೇ ಮನೆಯಲ್ಲಿ ಉಳಿದಲ್ಲಿ ಲೆಕ್ಕ ಕೆಡುತ್ತದೆ. ಅಜ್ಜಿಗೆ ಮುಪ್ಪಿನ ಘಟ್ಟ, ಹಿರಿಸೊಸೆಗೆ ಶಾಲೆಯ ಮಗುವಿನ ಘಟ್ಟ, ಕಿರಿಸೊಸೆಗೆ ಬಾಣಂತನ, ಕಿರಿಮಗಳಿಗೆ ಹದಿಹರೆಯ. ಒಂದೇ ಸೂರಿನಡಿ ನಾಲ್ಕು ಘಟ್ಟ. ಬಾಲ್ಯವಿವಾಹ ಇನ್ನೂ ನಿಂತಿರದ ಕಡೆ ಹದಿಹರೆಯ ಮತ್ತು ಬಾಣಂತನ ಒಬ್ಬಳದೇ ಮೈಯಲ್ಲಿ ಕೂಡಿರುತ್ತವೆ.

ಭಾರತದ ಸಮಾಜಶಾಸ್ತ್ರ ಈ ತೊಡಕನ್ನು ಗುರುತಿಸದೆ ಬಿಟ್ಟಿರಲಿಲ್ಲ. ಎಂ.ಎನ್. ಶ್ರೀನಿವಾಸ್ ಮೈಸೂರಿನ ಮದುವೆ, ಕುಟುಂಬಗಳ ಬಗ್ಗೆ 1942ರಲ್ಲೇ ಬರೆದರು. ಇರಾವತಿ ಕರ್ವೆ 1953ರಲ್ಲಿ ದೇಶದ ಬಂಧುತ್ವವನ್ನು ಪ್ರದೇಶವಾರು ನೋಡಿದರು. ಎ.ಎಂ. ಶಾ 1973ರ ಗ್ರಂಥದಲ್ಲಿ, ನಗರೀಕರಣದಿಂದ ಅವಿಭಕ್ತ ಕುಟುಂಬ ಅಳಿಯುತ್ತಿದೆ ಎಂಬ ಜನಪ್ರಿಯ ನಂಬಿಕೆಯನ್ನೇ ಪ್ರಶ್ನಿಸಿದರು. ಇಂದು ಸಣ್ಣದಾಗಿ ಕಾಣುವ ಮನೆ ಮಗನ ಮದುವೆಯಿಂದ ನಾಳೆ ದೊಡ್ಡದಾಗುತ್ತದೆ, ಹಿರಿಯರ ಸಾವಿನ ನಂತರ ಮತ್ತೆ ಒಡೆಯುತ್ತದೆ. ಹಾಗಾದರೆ ವಿಭಕ್ತ, ಅವಿಭಕ್ತ ಎಂಬುವು ಎರಡು ಜಾತಿಯ ಕುಟುಂಬಗಳಲ್ಲ, ಒಂದೇ ಕುಟುಂಬದ ಎರಡು ಹೊತ್ತುಗಳು. ‘ಬಗೆ’ ಮತ್ತು ‘ಘಟ್ಟ’ ಎಂದು ನಮೂನೆಯಲ್ಲಿ ಬೇರೆ ಬೇರೆ ಕಾಲಂ ಮಾಡಿದ್ದರ ದೋಷ ಇಲ್ಲಿ ಹೊರಬೀಳುತ್ತದೆ. ಶಾ ವರ್ಷಗಳ ಲೆಕ್ಕದಲ್ಲಿ ಕಂಡ ಈ ಚಲನೆ ರಾಯಚೂರು ಜಿಲ್ಲೆಯಲ್ಲಿ ತಿಂಗಳುಗಳ ಲೆಕ್ಕದಲ್ಲಿ ನಡೆಯುತ್ತದೆ.

ಹಂಗಾಮಿಗೆ ಕೂಲಿ ಅರಸಿ ಊರು ಬಿಡುವ ಗುಳೆಯನ್ನೇ ನೋಡಿ. ಕೃಷ್ಣೆ, ತುಂಗಭದ್ರೆಯರ ನಡುವಿನ ದೋಆಬಿನಲ್ಲಿದ್ದರೂ ದೇವದುರ್ಗವನ್ನು 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತು. ರಾಯಚೂರು 2018ರಲ್ಲಿ ಕೇಂದ್ರದ ‘ಮಹತ್ವಾಕಾಂಕ್ಷಿ ಜಿಲ್ಲೆ’ಯಾಯಿತು. ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗಕ್ಕೆ, ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿಗೆ ಬಂದರೂ ನೀರು ಎಲ್ಲ ಹೊಲಕ್ಕೂ ಬರಲಿಲ್ಲ. ಕೊನೆಯಂಚಿನ ರೈತರ ಕೂಗು ಇನ್ನೂ ನಿಂತಿಲ್ಲ. ಮುಂಗಾರಿನ ಸುಗ್ಗಿ ಮುಗಿದ ಮೇಲೆ ಕೂಲಿಯವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ. ಅಂಥದೊಂದು ಮನೆಗೆ ನರ್ಸ್ ಬೇಸಿಗೆಯಲ್ಲಿ ಹೋದರೆ ಕಾಣುವುದು ಅಜ್ಜ, ಅಜ್ಜಿ, ಇಬ್ಬರು ಮೊಮ್ಮಕ್ಕಳು. ಅದೇ ಹೊತ್ತಿಗೆ ಬೆಂಗಳೂರಿನ ಶೆಡ್ಡಿನಲ್ಲಿ ಸಮೀಕ್ಷೆ ಮಾಡಿದವರಿಗೆ ಗಂಡ, ಹೆಂಡತಿ, ಹಾಲು ಕುಡಿಯುವ ಕೂಸಿನ ವಿಭಕ್ತ ಕುಟುಂಬ ಸಿಗುತ್ತದೆ. ಬಿತ್ತನೆಗೆ ಎಲ್ಲರೂ ಮರಳಿದಾಗ ಮೂರು ತಲೆಮಾರಿನ ಮನೆ. ಮೂರೂ ಉತ್ತರ ಸರಿ. ಆದರೆ ತಾರೀಖಿಲ್ಲದ ಯಾವ ಉತ್ತರವೂ ಉಪಯೋಗಕ್ಕೆ ಬಾರದು. ಅಜ್ಜನ ರಕ್ತದೊತ್ತಡದ ಗುಳಿಗೆಯನ್ನು ನೆನಪಿಸುತ್ತಿದ್ದ ಸೊಸೆ ಆರು ತಿಂಗಳು ಊರಲ್ಲಿರುವುದಿಲ್ಲ ಎಂಬುದೇ ನರ್ಸಿಗೆ ಬೇಕಾದ ಮಾತು. ‘ಅವಿಭಕ್ತ’ ಎಂಬ ಗುರುತು ಅದನ್ನು ಮುಚ್ಚಿಡುತ್ತದೆ.

ಗುಳೆ ಬಡತನದ ಕಥೆಯೆನ್ನಬಹುದು. ತವರಿನ ಬಾಣಂತನ ಬಡವ, ಬಲ್ಲಿದರೆಲ್ಲರ ಪದ್ಧತಿ. ಕುಬಸ ಮಾಡಿಸಿಕೊಂಡು ಮಾನ್ವಿಯಿಂದ ದೇವದುರ್ಗದ ತವರಿಗೆ ಹೋದ ಬಸುರಿ ಅಲ್ಲೇ ಹೆತ್ತು, ಕೂಸು ಮೂರು ತಿಂಗಳದ್ದೋ ಐದು ತಿಂಗಳದ್ದೋ ಆದಾಗ ಗಂಡನ ಮನೆಗೆ ಬರುತ್ತಾಳೆ. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ನೋಡಬೇಕು; ಆ ಭೇಟಿಗಳು ತವರೂರಿನ ಆಶಾಳ ಪಾಲು. 2018ರಲ್ಲಿ ಬಂದ ಮುಂದಿನ ಕಾರ್ಯಕ್ರಮದಲ್ಲಿ ಭೇಟಿ ಮತ್ತೆ ಶುರುವಾಗುವುದು ಮೂರನೇ ತಿಂಗಳಿಗೆ. ಕೂಸು ಊರು ಬದಲಿಸುವುದೂ ಹೆಚ್ಚೂಕಡಿಮೆ ಆ ಹೊತ್ತಿನಲ್ಲೇ. 6, 10, 14ನೇ ವಾರದ ಲಸಿಕೆಗಳೂ ಅದರ ಆಸುಪಾಸಿಗೆ ಬರುತ್ತವೆ. ಬಸುರಿ, ಬಾಣಂತಿಯ ಆರೋಗ್ಯ ದಾಖಲೆಯಾದ ಕರ್ನಾಟಕದ ತಾಯಿ ಕಾರ್ಡು ಈ ಕಂದಕಕ್ಕೆ ಒಂದು ಮಟ್ಟಿಗೆ ಉತ್ತರವಾಯಿತು. ಅದು ಮನೆಯಲ್ಲಿ ಉಳಿಯದೆ ಹೆಣ್ಣಿನ ಜೊತೆ ಹೋಗುತ್ತದೆ. ಅಲ್ಲಿಯ ಸಿಸ್ಟರ್ ಬರೆದದ್ದನ್ನು ಇಲ್ಲಿಯ ಸಿಸ್ಟರ್ ಓದಬಹುದು. ಒಂದು ಘಟ್ಟಕ್ಕೆ ಒಪ್ಪಿದ ಈ ವಿವೇಕ ಉಳಿದ ಘಟ್ಟಗಳಿಗೆ ಹಬ್ಬಬೇಕಾಗಿದೆ.

ಇನ್ನೊಂದು ಬಗೆಯ ಮನೆಗೆ ನಮೂನೆಯಲ್ಲಿ ಹೆಸರೇ ಇಲ್ಲ. ದೇವದಾಸಿ ಪದ್ಧತಿಯನ್ನು ಕರ್ನಾಟಕ 1982ರ ಕಾಯಿದೆಯಿಂದ ನಿಷೇಧಿಸಿತು. 1993–94 ಮತ್ತು 2007–08ರ ಸರ್ಕಾರಿ ಸಮೀಕ್ಷೆಗಳು ರಾಜ್ಯದಲ್ಲಿ 46 ಸಾವಿರಕ್ಕೂ ಹೆಚ್ಚು ಮಾಜಿ ದೇವದಾಸಿಯರನ್ನು ಗುರುತಿಸಿದವು. ಅವರಿರುವ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ತಾಯಿ, ಮಗಳು, ಮೊಮ್ಮಕ್ಕಳಿರುವ ಅಂಥವರ ಮನೆಯಲ್ಲಿ ಮದುವೆಯೆಂಬ ಮೊದಲ ಘಟ್ಟವಿಲ್ಲ, ಅರ್ಹ ದಂಪತಿಯೂ ಇಲ್ಲ. ಅದನ್ನು ‘ಒಡೆದ ಕುಟುಂಬ’ ಎಂದು ಬರೆದರೆ ಇಲ್ಲದ ಒಡಕನ್ನು ಹೊರಿಸಿದಂತೆ. ಹೆಣ್ಣೊಬ್ಬಳ ದುಡಿಮೆಯ ಮೇಲೆ ನಿಂತ ಮನೆಯಲ್ಲಿ ಆಕೆಯೇ ಮಲಗಿದರೆ ಮುಂದೇನು ಎಂಬ ಪ್ರಶ್ನೆ ಮಾತ್ರ ನರ್ಸಿಗೆ ಬೇಕಾದದ್ದು. ಅದಕ್ಕೆ ಪದ್ಧತಿಯ ಹೆಸರನ್ನು ಕೆದಕಬೇಕಿಲ್ಲ. ಮನೆಯ ಭಾರ ಯಾರ ಮೇಲಿದೆ, ಬದಲಿಗೆ ಯಾರಿದ್ದಾರೆ ಎಂದು ಕೇಳಿದರೆ ಸಾಕು.

ಬಗೆಯ ಗುರುತು ಬಿಟ್ಟು ಹೀಗೆ ಕೇಳುವುದಕ್ಕೆ ಆಕ್ಷೇಪಗಳುಂಟು. ವರ್ಗೀಕರಣ ಬಿಟ್ಟರೆ ಒಂದು ಹಳ್ಳಿಯನ್ನು ಇನ್ನೊಂದರೊಡನೆ, ಒಂದು ದಶಕವನ್ನು ಮತ್ತೊಂದರೊಡನೆ ಹೋಲಿಸುವುದು ಹೇಗೆ? ಮಾತು ನಿಜ. ಸಂಶೋಧನೆಗೆ ಬಗೆಗಳು ಬೇಕು, ವಿದ್ಯಾರ್ಥಿಗೂ ಎಲ್ಲಿಂದಾದರೂ ಶುರು ಮಾಡಬೇಕು. ಆದರೆ ಜನವರಿಯ ಹಳ್ಳಿಯನ್ನು ಜುಲೈನ ಹಳ್ಳಿಯೊಡನೆ ಹೋಲಿಸಿ ಅವಿಭಕ್ತ ಕುಟುಂಬ ಕುಸಿಯಿತೆಂದು ಬರೆದರೆ ಕುಸಿದದ್ದು ಅಧ್ಯಯನವೇ. ತಾರೀಖು ಸೇರಿಸಿದರೆ ಹೋಲಿಕೆ ಗಟ್ಟಿಯಾಗುತ್ತದೆಯೇ ಹೊರತು ಕೆಡುವುದಿಲ್ಲ. ಎರಡನೆಯ ಆಕ್ಷೇಪ: ಪಡಿತರ ಚೀಟಿಯ ಆಧಾರದ ‘ಕುಟುಂಬ’ ದತ್ತಾಂಶವೇ ಸರ್ಕಾರದ ಬಳಿ ಇರುವಾಗ ನರ್ಸ್ ಮತ್ತೇಕೆ ಕೇಳಬೇಕು? ಆ ಪಟ್ಟಿ ಸೌಲಭ್ಯದ ಕುಟುಂಬದ್ದು. 2013ರ ಆಹಾರ ಭದ್ರತಾ ಕಾಯಿದೆ ಮನೆಯ ಹಿರಿಯ ಹೆಣ್ಣನ್ನು ಯಜಮಾನಿ ಮಾಡಿದ್ದು ದೊಡ್ಡ ಹೆಜ್ಜೆ. 2023ರ ಗೃಹಲಕ್ಷ್ಮಿ ಆಕೆಯ ಖಾತೆಗೇ ತಿಂಗಳಿಗೆ 2,000 ರೂಪಾಯಿ ತಲುಪಿಸಿತು. ಅದೇ ಕಾರಣಕ್ಕೆ ಒಲೆ ಒಂದಿದ್ದರೂ ಚೀಟಿ ಎರಡಾಗುವ ಆಸೆ ಹುಟ್ಟುತ್ತದೆ. ಚೀಟಿಯಲ್ಲಿ ಹೆಸರಿದ್ದವರೆಲ್ಲ ಮನೆಯಲ್ಲಿಲ್ಲ, ಮನೆಯಲ್ಲಿ ಆರೈಕೆ ಮಾಡುವವರೆಲ್ಲ ಚೀಟಿಯಲ್ಲಿಲ್ಲ.

ಎಲ್ಲಕ್ಕಿಂತ ತೂಕದ ಆಕ್ಷೇಪ ಕೆಲಸದ ಹೊರೆಯದು. ಸಾವಿರ ಜನರಿಗೊಬ್ಬಳು ಆಶಾ, ರಿಜಿಸ್ಟರುಗಳ ಮೇಲೆ ಆ್ಯಪುಗಳು. ಇನ್ನೊಂದು ಕಾಲಂ ಏಕೆ ಹೇರಬೇಕು? ಇದಕ್ಕೆ ಪಲ್ಸ್ ಪೋಲಿಯೊ ಉತ್ತರ ಕೊಟ್ಟಿದೆ. ಮಕ್ಕಳೆಲ್ಲರಿಗೂ ಹನಿ ಹಾಕಿದ ಮನೆಯ ಗೋಡೆಗೆ ‘ಪಿ’, ಬೀಗ ಹಾಕಿದ ಅಥವಾ ಮಗು ಹೊರಗಿದ್ದ ಮನೆಗೆ ‘ಎಕ್ಸ್’. ಬೀಗ ಅಲ್ಲಿ ಕೆಲಸ ಮುಗಿದುದರ ನೆಪವಾಗಲಿಲ್ಲ, ಮತ್ತೆ ಬರಬೇಕೆಂಬ ಆಜ್ಞೆಯಾಯಿತು. ವಲಸೆಗಾರರನ್ನು ಇಟ್ಟಿಗೆ ಗೂಡು, ಕಟ್ಟಡದ ತಾಣಗಳಲ್ಲೇ ಹುಡುಕಲಾಯಿತು. ದೇಶದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯದು. ಹೊಸ ಕಾಲಮ್ಮೂ ಬೇಡ. ‘ಬಗೆ’ ಮತ್ತು ‘ಘಟ್ಟ’ ಎಂಬ ಎರಡನ್ನು ತೆಗೆದು ಆ ಜಾಗದಲ್ಲಿ ನಾಲ್ಕು ಮಾತು ಬರೆದರಾಯಿತು: ಇಂದು ಇಲ್ಲಿ ಉಣ್ಣುವವರು ಯಾರು, ಹೊರಗಿರುವವರು ಎಂದು ಮರಳುತ್ತಾರೆ, ಕಾಯಿಲೆ ಬಿದ್ದವರನ್ನು ನೋಡಿಕೊಳ್ಳುವವರು ಯಾರು, ಆಸ್ಪತ್ರೆಗೆ ಹೋಗಲು ಒಪ್ಪಿಗೆ ಕೊಡುವವರು ಯಾರು. ಪಕ್ಕದಲ್ಲಿ ತಾರೀಖು. ರಾಯಚೂರಿನ ವಿದ್ಯಾರ್ಥಿ ಮೊದಲ ವರ್ಷ ಈ ನಾಲ್ಕನ್ನು ಸುಗ್ಗಿಯಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಅದೇ ಮನೆಯಲ್ಲಿ ಕೇಳಿ ಬರಲಿ. ವಿಭಕ್ತ, ಅವಿಭಕ್ತ ಎಂಬ ಹೆಸರುಗಳನ್ನು ಆಮೇಲೆ, ಕೈಯಲ್ಲಿ ಎರಡು ಉತ್ತರ ಇಟ್ಟುಕೊಂಡು, ತರಗತಿಯಲ್ಲಿ ಚರ್ಚಿಸಬಹುದು.